ಉಸಿರು ಬಿಡು ಅನ್ನದ ಮನುಷ್ಯ

ಅವನ ಹೆಸರು ನಾನು ಬರೆಯೂದಿಲ್ಲ. ಮರತೀನಿ ಅಂತಲ್ಲ. ಹೆಸರು ಬರದ್ರ ಅವನಿಗಿ ಇನ್ನಷ್ಟು ಹೆಸರು ಬರತದ, ಅದು ನನಗ ಬ್ಯಾಡಾಗ್ಯಾದ. ರಾಯಚೂರಾಗ, ಮಾನ್ವ್ಯಾಗ, ದೇವದುರ್ಗದ ಕಡಿ ಹಳ್ಳ್ಯಾಗ ಅವನ ಹೆಸರು ಹೇಳೋ ಮಂದಿ ಬೇಕಾದಷ್ಟು ಅದಾರ. ನಾನೊಬ್ಬ ಹೇಳದಿದ್ರ ಅವನದೇನು ಹೋಗತದ?

ಹೋದ ವಾರ ಅವ ರಿಟೈರ್ ಆದ. ನಮ್ಮ ರಾಯಚೂರು ದವಾಖಾನ್ಯಾಗ ಸೆಂಡಾಫ್ ಇಟ್ಟಿದ್ರು. ಇಪ್ಪತ್ತು ವರ್ಷ ಅವನ ಜೋಡಿ ಕೆಲಸ ಮಾಡಿದವ ನಾನು ಅಂತ ನನ್ನನ್ನ ಎಬ್ಬಿಸಿ ನಿಲ್ಲಿಸಿದ್ರು. “ಸರಳ ಸ್ವಭಾವದವರು, ಕರ್ತವ್ಯನಿಷ್ಠರು” ಅಂತ ಎಲ್ಲರ ಸೆಂಡಾಫಿನ್ಯಾಗ ಹೇಳೋ ನಾಲ್ಕು ಮಾತು ಹೇಳಿ ಕುಂತೆ. ಮಂದಿ ಚಪ್ಪಾಳಿ ಹೊಡದ್ರು. ಅವನೂ ಹೊಡದ. ಅವ ಹೊಡದದ್ದು ನೋಡಿ ನನಗ ಮೈ ಉರೀತು. ಆ ನಾಲ್ಕು ಮಾತಿನ್ಯಾಗ ಹೇಳದ ಉಳಿದದ್ದು ಏನದ ಅದನ್ನ ಇಲ್ಲಿ ಬರೀತೀನಿ.

ನಾನು ಎಕ್ಸ್‌ರೇ ಟೆಕ್ನಿಶಿಯನ್. ಸರ್ಟಿಫಿಕೇಟ್ ಇದ್ದವ. ಹೈದರಾಬಾದಿನ್ಯಾಗ ಎರಡು ವರ್ಷ ಒಂದು ಕ್ವಾಣಿ ಬಾಡಿಗಿ ಹಿಡದು, ಸ್ಟೋವಿನ ಮ್ಯಾಲ ಅನ್ನ ಬೇಯಿಸಿಕೊಂಡು ಓದಿ ಪಾಸಾದವ. ಅವ ದೇವದುರ್ಗ ತಾಲೂಕಿನ ಒಂದು ಹಳ್ಳಿಯಿಂದ ಬಂದವ, ಏಳನೇತ್ತ ಓದಿದವ, ಕತ್ತಲಿ ಕ್ವಾಣ್ಯಾಗ ಫಿಲ್ಮ್ ತೊಳಿಯೋ ಅಟೆಂಡರ್. ಕುಳ್ಳ. ತಲಿ ತುಂಬ ಕೂದಲಾ, ಎಣ್ಣಿ ಹಚ್ಚಿ ಹಿಂದಕ್ಕ ಬಾಚಿರತಿದ್ದ. ಖಾಕಿ ಅಂಗಿ ಕಿಸೇದಾಗ ಪೆನ್ನಿರಬೇಕಾದ ಜಾಗದಾಗ ಬಾಚಣಕಿ. ದಿನಾ ಅರ್ಧ ತಾಸು ತಡಾ ಮಾಡಿ ಬರತಿದ್ದ. ನನ್ನ ಪೇಪರ್ ಓದಾಕ ಒಯ್ದಾಂವ ಒಂದು ದಿನಾನೂ ಪೂರಾ ತಿರುಗಿ ಕೊಟ್ಟವನಲ್ಲ. ಬೇಸಾಯದ ಮನಿ, ಕೂಲಿ ಮನಿ ಮಂದಿ ಬಂದ್ರ ಮಾತಾಡಿಸಿಕೋತ ಕುಂದರತಿದ್ದ. ಹೊರಗ ಸಾಲು ಬೆಳೀತಿತ್ತು. ಬೈದ್ರ, “ಅವಸರ ನಮಗದರಿ ಸರ್, ಅವರಿಗಿಲ್ಲ” ಅಂತಿದ್ದ.

ಇನ್ನೊಂದು ಮಾತು ಮುಚ್ಚಿಡಬಾರದು. ಅವರ ಕೇರಿ ಮಂದಿಗಿ ದೇವದುರ್ಗದ ಕೆಲವು ಹೋಟೆಲಿನ್ಯಾಗ ಆಗಿನ್ನೂ ಚಾದ ಲೋಟ ಬ್ಯಾರೇನ ಇಡತಿದ್ರು. ನಮ್ಮ ಎಕ್ಸ್‌ರೇ ಕ್ವಾಣ್ಯಾಗ ಮಾತ್ರ ಗೌಡನ ಹೊಟ್ಟಿ, ಶೆಟ್ಟಿ ಎದಿ, ಎಲ್ಲಾ ಅವನ ಕೈಯಾಗ. ಮುಟ್ಟೋ ಮೊದಲ ಎರಡೂ ಅಂಗೈ ತನ್ನ ಬಗಲಾಗ ಇಟ್ಟುಕೊಂಡು ಬೆಚ್ಚಗ ಮಾಡಿಕೋತಿದ್ದ. ಯಾರೂ ಬ್ಯಾಡ ಅನ್ನಲಿಲ್ಲ. ನನಗ ಅದೂ ಚುಚ್ಚತಿತ್ತು. ಯಾಕ ಚುಚ್ಚತಿತ್ತು ಅಂತ ನಾನು ಆಗ ನನ್ನನ್ನ ಕೇಳಿಕೊಳ್ಳಲಿಲ್ಲ.

ನಮ್ಮ ಕೆಲಸದಾಗ ರೋಗಿಗಿ ಹೇಳೋದು ಮೂರ ಮಾತು. ಉಸಿರು ಎಳಿ, ನಿಲ್ಲಿಸು, ಬಿಡು. ಎದಿ ಫೋಟೋ ತಗಿಯೋವಾಗ ಉಸಿರು ಅಲುಗಿದ್ರ ಫಿಲ್ಮ್ ಮಸಕು. ಎಪ್ಪತ್ತರ ಸುಮಾರಿಗಿ ನಾನು ಹೊಸದಾಗಿ ಸೇರಿದಾಗ ದೇವದುರ್ಗದ ಕಡಿಯಿಂದ ಒಬ್ಬ ಮುದುಕಿ ಬಂದಳು. ನಾನು ಗಾಜಿನ ಹಿಂದ ನಿಂತು, “ಉಸಿರು ನಿಲ್ಲಿಸು ಯವ್ವಾ” ಅಂದೆ. ಆಕಿ ಕಣ್ಣು ಅಗಲ ಮಾಡಿದಳು. ಫೋಟೋ ಹೊಡದು, “ಈಗ ಉಸಿರು ಬಿಡು” ಅಂದೆ. ಮುದುಕಿ ಸೆರಗು ಹೊದ್ದುಕೊಂಡು ಹೊರಗ ನಡದಬಿಟ್ಟಳು. ವರಾಂಡದಾಗ ಎಲ್ಲರ ಮುಂದ ನಿಂತು, ಈ ಹುಡುಗ ನನಗ ಉಸಿರು ಬಿಡು ಅಂತಾನ, ಬಿಡೋದಿದ್ರ ನಾನು ಮನ್ಯಾಗ ಮಕ್ಕಳು ಮರಿ ಮುಂದ ಬಿಡತಿದ್ದೆ, ಬಸ್ಸು ಹತ್ತಿ ಇಲ್ಲಿ ತನಕ ಬಂದು ಇವನ ಮುಂದ ಯಾಕ ಬಿಡಲಿ ಅಂತ ಕೇಳಿದಳು. ನಮ್ಮ ಕಡಿ ಉಸಿರು ಬಿಟ್ಟ ಅಂದ್ರ ಸತ್ತ ಅಂತ ಅರ್ಥ. ಅದು ನನಗ ಗೊತ್ತಿರಲಿಲ್ಲ ಅಂತಲ್ಲ. ಇಂಗ್ಲೀಷಿನ್ಯಾಗ ಕಲತದ್ದನ್ನ ಕನ್ನಡಕ್ಕ ತಿರುವಿ ಹೇಳೋವಾಗ ನಮ್ಮಜ್ಜಿ ಕಡಿಯಿಂದ ಕಲತದ್ದು ಮರತೇ ಹೋಗಿತ್ತು.

ಮರುದಿನದಿಂದ ಮಾತು ಬದಲಿಸಿದೆ. ಗುಂಜಹಳ್ಳಿಯಿಂದ ಬಂದಾಂವ ಒಬ್ಬನಿಗಿ, “ಜೋರಾಗಿ ದಮ್ ಎಳೀರಿ” ಅಂದೆ. ಅವ ಅಂಗಿ ಕಿಸೆ ತಡವಿ, ಬೀಡಿ ಹುಡುಕಿ, ಕಡ್ಡಿಪೆಟ್ಟಿಗಿ ಅದ ಏನ್ರಿ ಸಾಹೇಬ್ರ ಅಂತ ಕೇಳಿದ. ಕತ್ತಲಿ ಕ್ವಾಣಿ ಪರದೆ ಹಿಂದಿಂದ ನಗೋ ಸದ್ದು ಬಂತು. ಆವತ್ತಿನಿಂದ ಅವನನ್ನ ಕಂಡ್ರ ನನಗ ಆಗಲಿಲ್ಲ.

ಹಿಂದಿನ ದಿನ ಆ ಮುದುಕೀನ ವರಾಂಡದಿಂದ ತಿರುಗಿ ಒಳಗ ಕರಕೊಂಡು ಬಂದವ ಅವನ. ಫಿಲ್ಮ್ ಮಸಕಾಗಿತ್ತು, ಇನ್ನೊಮ್ಮೆ ತಗೀಬೇಕಿತ್ತು. ಆಕಿ ಬಾಜೂಕ ನಿಂತು ನಿಮ್ಮ ಮನ್ಯಾಗ ಒಲಿ ಯಾವ ದಿಕ್ಕಿಗದ, ಸೊಸಿ ಎಂಥಾಕಿ, ಕಟಿಗಿ ಹಸೀವ ಏನು ಅಂತ ಸುದ್ದಿ ತಗದ. ಆಮ್ಯಾಲ, ಊದುಗೊಳವಿ ಬಾಯಿಗಿ ಹಚ್ಚು ಯವ್ವಾ, ಎದಿ ತುಂಬ ಗಾಳಿ ತುಂಬಿಕೋ ಅಂದ. ಮುದುಕಿ ತುಂಬಿಕೊಂಡಳು. “ತಡಿ, ತಡಿ, ಈಗ ಊದಬ್ಯಾಡ, ಸೊಸಿ ಕಟಿಗಿ ಸರಸಾಕತ್ಯಾಳ” ಅಂದು ನನ್ನ ಕಡಿ ಬೆರಳು ಎತ್ತಿದ. ನಾನು ಗುಂಡಿ ಒತ್ತಿದೆ. “ಹಾಂ, ಈಗ ಊದು” ಅಂದ. ಫಿಲ್ಮ್ ಕನ್ನಡಿ ಹಂಗ ಬಂತು. ನಮ್ಮ ದೊಡ್ಡ ಡಾಕ್ಟರು ಅದನ್ನ ಬೆಳಕಿಗಿ ಹಿಡದು ನೋಡಿ ಭೇಷ್ ಅಂದ್ರು. ಭೇಷ್ ಅಂದದ್ದು ನನಗ, ಅಟೆಂಡರ್ ಹೇಳಿಕೊಟ್ಟದ್ದು ಅವರಿಗೇನು ಗೊತ್ತು.

ಹಿಂಗ ಅವ ಒಬ್ಬೊಬ್ಬರಿಗಿ ಒಂದೊಂದು ಹುಡುಕತಿದ್ದ. ಬಟ್ಟಿ ಹೊಲಿಯೋನಿಗಿ ಸೂಜಿಗಿ ದಾರ ಪೋಣಸು ಅಂತಿದ್ದ. ಕೆರಿಯಾಗ ಈಸಿದವರಿಗಿ ಮುಳುಗು ಹೊಡಿ ಅಂತಿದ್ದ. ಇಷ್ಟು ವರ್ಷದಾಗ ಒಬ್ಬರಿಗೂ ಉಸಿರು ಬಿಡು ಅಂದದ್ದು ನಾನು ಕೇಳಲಿಲ್ಲ. ಉಸಿರು ಅನ್ನೋ ಶಬ್ದಾನ ತಗೀತಿರಲಿಲ್ಲ. ಅದೇನು ಮಹಾ ವಿದ್ಯಾ ಅಂತ ನಾನೂ ಒಮ್ಮೆ ಮಾಡಿದೆ. ಮಾನ್ವಿಯಿಂದ ಬಂದ ಒಬ್ಬ ಹಿರಿಯ ಮನುಷ್ಯನಿಗಿ ಊದುಗೊಳವಿ ಹಿಡೀರಿ ಅಂದೆ. ಅವರು ಹೈಸ್ಕೂಲ್ ಮಾಸ್ತರು. ನಾನೇನು ಒಲಿ ಊದಾವ ಕಂಡೇನು ಅಂತ ಡಾಕ್ಟರ ಕಡಿ ದೂರು ಕೊಟ್ರು.

ಸುಳ್ಳೂ ಹೇಳತಿದ್ದ. ಚಂದ್ರಬಂಡದವರು ಬಂದ್ರ ನಮ್ಮ ಸಣ್ಣವ್ವನ ಊರು ಅಂತಿದ್ದ. ಗುಂಜಹಳ್ಳಿಯವರು ಬಂದ್ರ ನಮ್ಮಕ್ಕನ್ನ ಅಲ್ಲೇ ಕೊಟ್ಟೀವಿ ಅಂತಿದ್ದ. ಜಿಲ್ಲಾದಾಗ ಇವನಿಗಿ ಬೀಗರಿಲ್ಲದ ಊರಿರಲಿಲ್ಲ. ನಾನು ಹೋಗಿ ಡಾಕ್ಟರಿಗಿ ಹೇಳಿದೆ, ಇವ ರೋಗಿಗಳ ಮುಂದ ಸುಳ್ಳು ಹೇಳತಾನ ಅಂತ. ಅವರು ಬಿದ್ದು ಬಿದ್ದು ನಕ್ಕು, ನೀನೂ ಒಬ್ಬ ಸಣ್ಣವ್ವನ್ನ ಮಾಡಿಕೊಳ್ಳಪ್ಪಾ ಅಂದ್ರು.

ಎದ್ಯಾಗ ಕ್ಯಾನ್ಸರ್ ಗಂಟಾದವರಿಗಿ ನಮ್ಮ ಕಡಿ ಔಷಧ ಇರಲಿಲ್ಲ. ಅವರನ್ನ ಹೈದರಾಬಾದಿಗಿ ಕಳಸತಿದ್ವಿ. ಅಲ್ಲಿ ಕೋಬಾಲ್ಟ್ ಮಷೀನಿತ್ತು. ನಮ್ಮ ಮಂದಿ ಅದಕ್ಕ ಕರೆಂಟ್ ಕೊಡಸೂದು ಅಂತಾರ. ನಮ್ಮ ಡಾಕ್ಟರ ಗೆಳೆಯರೊಬ್ಬರು ಅಲ್ಲಿದ್ರು. ಕಳಸೋ ಮೊದಲ ಗಂಟು ಎಷ್ಟು ಓಡಾಡತದ ಅಂತ ಗುರುತು ಮಾಡಿ ಕಳಸ್ರಿ ಅಂತ ಅವರು ಕೇಳಿಕೊಂಡಿದ್ರು. ಎದ್ಯಾಗಿನ ಗಂಟು ಒಂದ ಕಡಿ ಕುಂದರೂದಿಲ್ಲ. ಉಸಿರು ಎಳಕೊಂಡ್ರ ಕೆಳಗ ಇಳೀತದ, ಬಿಟ್ರ ಮ್ಯಾಲ ಏರತದ. ಕರೆಂಟ್ ಕೊಡೋವಾಗ ಅದು ಓಡಾಡೋ ಜಾಗಾ ಪೂರಾ ಸುಡಬೇಕಾಗತದ. ಹೆಚ್ಚು ಓಡಾಡಿದ್ರ ಅದರ ಜೋಡಿ ಚೊಲೋ ಇದ್ದ ಶ್ವಾಸಕೋಶಾನೂ ಅಷ್ಟು ಹೆಚ್ಚು ಸುಡತದ. ರೋಗಿ ಸಣ್ಣಗ ಉಸಿರಾಡಿದ್ರ ಗಂಟು ಕಡಿಮಿ ಓಡಾಡತದ, ಸುಡೋ ಜಾಗಾನೂ ಕಡಿಮಿ. ಇಷ್ಟ ಲೆಕ್ಕ.

ಅದನ್ನ ನೋಡಾಕ ಸ್ಕ್ರೀನಿಂಗ್ ಅಂತ ಮಾಡತಿದ್ವಿ. ಕಣ್ಣು ಕತ್ತಲಿಗಿ ಹೊಂದಲಿ ಅಂತ ಮೊದಲ ಕಾಲು ತಾಸು ಕೆಂಪು ಕನ್ನಡಕ ಹಾಕಿಕೊಂಡು ಕುಂದರಬೇಕು. ಆಮ್ಯಾಲ ಸೀಸದ ಭಾರಾ ಅಂಗಿ ತೊಟ್ಟು, ದೀಪ ಆರಿಸಿ, ರೋಗೀನ ಹಸರು ಪರದೆ ಕೆಳಗ ಮಲಗಿಸಿದ್ರ, ಒಳಗಿನ ಎಲುಬು, ಗುಂಡಿಗಿ, ಗಂಟಿನ ನೆರಳು ಎಲ್ಲಾ ಅಲುಗೋದು ಕಾಣಸತದ. ಡಾಕ್ಟರು ಅಳತಿ ಹೇಳತಿದ್ರು, ನಾನು ಎದಿ ಮ್ಯಾಲ ನೇರಳೆ ಮಸಿಲೆ ಗೆರಿ ಹಾಕತಿದ್ದೆ. ಅವ ರೋಗಿ ತಲಿ ಕಡಿ ನಿಂದರತಿದ್ದ.

ಅವನ ಮಾತಿಗಿ ಹಸರು ಪರದೆ ಮ್ಯಾಲ ಗಂಟಿನ ನೆರಳು ಹಂತ ಹಂತವಾಗಿ ಸಣ್ಣ ಹೆಜ್ಜಿ ಹಾಕೋದು ನೋಡಬೇಕಿತ್ತು ನೀವು. ಮಾನ್ವಿ ಅಕ್ಕಿ ಬಜಾರದ ಒಬ್ಬ ಹಮಾಲ ಬಂದಿದ್ದ. ಹೊಟ್ಟಿ ತಿದಿ ಊದಿದಂಗ ಊದತಿತ್ತು, ಗಂಟು ಎರಡು ಬೆರಳು ಓಡಾಡತಿತ್ತು. ನಮ್ಮ ಅಟೆಂಡರ್ ಅವನ ಹೆಗಲ ಮ್ಯಾಲಿನ ವಲ್ಲಿ, ಆ ಹೆಗಲ ವಸ್ತ್ರ, ತಗೊಂಡು ನಡಕ್ಕ ಸುತ್ತಿ, ಚೀಲ ಎತ್ತೋ ಮುಂದ ನಡಾ ಹೆಂಗ ಬಿಗೀತಿ ಹಂಗ ಬಿಗಿ ಮಾವಾ ಅಂದ. ಹಮಾಲ ಬಿಗಕೊಂಡ. ಹೊಟ್ಟಿ ಅಲ್ಲಾಡೋದು ನಿಂತು ಎದಿ ಅಷ್ಟ ಸಣ್ಣಗ ಆಡಿತು. ನೆರಳು ಒಂದು ಬೆರಳಿಗಿ ಬಂತು. ಡಾಕ್ಟರು ಅದನ್ನ ಹೈದರಾಬಾದಿಗಿ ಕಾಗದದಾಗ ಬರದ್ರು, ನಮ್ಮ ಅಟೆಂಡರ್ ಹಿಂಗ ಮಾಡಿದ ಅಂತ. ನನ್ನ ಕೈಲೆ ಟೈಪ್ ಮಾಡಿಸಿದ್ರು. ಅಟೆಂಡರ್ ಅನ್ನೋ ಶಬ್ದ ಟೈಪ್ ಮಾಡೋವಾಗ ನನ್ನ ಬೆರಳು ತಾವ ನಿಂತವು. ಆದ್ರೂ ಮಾಡಿದೆ, ಅವರು ಬಾಜೂಕ ನಿಂತಿದ್ರು.

ಆ ಸಿಟ್ಟಿನ್ಯಾಗ ನಾನೊಂದು ಕೆಲಸ ಮಾಡಿದೆ. ತರಬೇತಿ ಇಲ್ಲದವರು ರೋಗೀನ ಮುಟ್ಟಬಾರದು ಅಂತ ಕಾನೂನು ಹುಡುಕಿ ತಗದು, ಆಫೀಸಿಗಿ ಅರ್ಜಿ ಕೊಟ್ಟು, ಅವನನ್ನ ಸ್ಟೋರಿಗಿ ಹಾಕಿಸಿದೆ. ಹತ್ತಿ, ಬ್ಯಾಂಡೇಜು ಎಣಿಸೋ ಕೆಲಸ. ನಾಲ್ಕು ತಿಂಗಳು. ಅಷ್ಟರಾಗ ನನ್ನ ಫಿಲ್ಮ್ ಎಷ್ಟು ಕೆಟ್ಟವು ಅಂದ್ರ ಡಾಕ್ಟರು ಒಂದು ದಿನ ಮಸಕು ಫಿಲ್ಮ್ ಹದಿನೈದು ತಂದು ನನ್ನ ಟೇಬಲ್ ಮ್ಯಾಲ ಇಟ್ಟು ಹೋದ್ರು. ಮರುದಿನ ಅವ ಬಾಚಣಕಿ ಕಿಸೇದಾಗ ಇಟ್ಟುಕೊಂಡು ಅರ್ಧ ತಾಸು ತಡಾ ಮಾಡಿ ಬಂದ. ಅರ್ಜಿ ಯಾರು ಕೊಟ್ಟಿದ್ರು ಅಂತ ಅವನಿಗಿ ಗೊತ್ತಿತ್ತು. ಒಂದು ದಿನಾನೂ ಕೇಳಲಿಲ್ಲ. ಕೇಳಿ ಜಗಳಾಡಿದ್ರ ನನಗ ಅಷ್ಟರ ಸಮಾಧಾನ ಇರತಿತ್ತು.

ಆಮ್ಯಾಲ ನಮ್ಮಣ್ಣನ ಸರದಿ ಬಂತು.

ನಮ್ಮಣ್ಣ ಮಾನ್ವ್ಯಾಗ ಸರಕಾರಿ ಬಸ್ಸಿನ ಕಂಡಕ್ಟರ್. ನನಗಿಂತ ಹನ್ನೊಂದು ವರ್ಷ ದೊಡ್ಡಾಂವ. ನಾನು ಹಾಲು ಕುಡಿಯೋ ಕೂಸಿದ್ದಾಗ ನಮ್ಮವ್ವ ತೀರಿಕೊಂಡಳು, ಅಪ್ಪ ಅದಕ್ಕೂ ಮೊದಲ ಇರಲಿಲ್ಲ. ಅಜ್ಜಿ ಇದ್ದಳು, ಆದ್ರ ನನ್ನನ್ನ ಬೆಳಸಿದವ ಅಣ್ಣ. ಹೈದರಾಬಾದಿನ್ಯಾಗ ಓದಿಸಿದವನೂ ಅವನ. ನನ್ನ ಸರ್ಟಿಫಿಕೇಟಿಗಿ ಕಟ್ಟು ಹಾಕಿಸಿ ಅವನ ಮನ್ಯಾಗ ಇಟ್ಟುಕೊಂಡಿದ್ದ, ನನಗ ಕೊಟ್ಟಿರಲಿಲ್ಲ. ಮಂದಿ ಮುಂದ ನನ್ನನ್ನ ನಮ್ಮ ಡಾಕ್ಟರ ಅಂತಿದ್ದ. ಟೆಕ್ನಿಶಿಯನ್ ಅಂತ ನಾನು ತಿದ್ದಿದ್ರ, ಎರಡೂ ಒಂದ ಬಿಡಲೇ ಅಂತಿದ್ದ.

ಎಂಬತ್ತರ ಆಚಿ ಈಚಿ ಅವನಿಗಿ ಕೆಮ್ಮು ಹತ್ತಿತು. ಬೀಡಿ ಕೆಮ್ಮು ಅಂತ ಸುಮ್ಮನಿದ್ದ. ರಕ್ತ ಬಿದ್ದ ಮ್ಯಾಲ ನನ್ನ ಕಡಿ ಬಂದ. ಫಿಲ್ಮ್ ನಾನ ತಗದೆ, ನಾನ ತೊಳದೆ. ಶ್ವಾಸಕೋಶದ ಕೆಳಗಿನ ಪಾಲಿನ್ಯಾಗ, ಎದಿ ಹೊಟ್ಟಿ ನಡುವಿನ ವಪಿ ಹತ್ತಿರ ಗಂಟು ಕಂಡಿತು. ಉಸಿರಿನ ಜೋಡಿ ಎಲ್ಲಕ್ಕಿಂತ ಹೆಚ್ಚು ಓಡಾಡೋ ಜಾಗಾ ಅದು. ಹೈದರಾಬಾದಿಗಿ ಕರಕೊಂಡು ಹೋದೆ. ಅಲ್ಲಿಯ ಡಾಕ್ಟರು ನೋಡಿ, ಗಂಟು ಮೂರು ಬೆರಳು ಓಡಾಡಾಕತ್ತದ, ಬೀಡಿಯಿಂದ ಉಳಿದ ಶ್ವಾಸಕೋಶ ಮೊದಲ ಸೋತದ, ಇಷ್ಟು ಜಾಗಾ ಸುಟ್ರ ಮನುಷ್ಯ ಉಳಿಯೂದಿಲ್ಲ ಅಂದ್ರು. ಸಣ್ಣ ಉಸಿರು ಆಡೋದು ಕಲತು ಎರಡು ವಾರ ಬಿಟ್ಟು ಬರ್ರಿ, ನೆರಳು ಒಂದು ಬೆರಳಿಗಿ ಬಂದಿದ್ರ ಕರೆಂಟ್ ಕೊಡತೀವಿ, ಇಲ್ಲಂದ್ರ ಆಗೂದಿಲ್ಲ ಅಂದ್ರು. ಇನ್ನೊಂದು ಮಾತು ಹೇಳಿದ್ರು: ನಿಮ್ಮ ದವಾಖಾನ್ಯಾಗ ಒಬ್ಬ ಅಟೆಂಡರ್ ಅದಾನಂತಲ್ಲ, ಅವನ ಕಡಿ ಕಳಸ್ರಿ.

ತಿರುಗಿ ಬರೋವಾಗ ಬಸ್ಸಿನ್ಯಾಗ ಅಣ್ಣ ಕೇಳಿದ, ಯಾರಲೇ ಆ ಅಟೆಂಡರ್ ಅಂತ. ಯಾರಿಲ್ಲ, ನಾನ ಕಲಸತೀನಿ ಅಂದೆ.

ಆರು ದಿನ ಕಲಿಸಿದೆ. ಕ್ವಾಣಿ ಬಾಗಲಾ ಹಾಕಿಕೊಂಡು, ಆ ಅಟೆಂಡರನ್ನ ಒಳಗ ಬಿಡದ. ಅಣ್ಣಾ, ಹೊಟ್ಟಿ ಆಡಸಬ್ಯಾಡ. ಅಣ್ಣಾ, ಸಣ್ಣಗ. ಇನ್ನೂ ಸಣ್ಣಗ. ಗಡಿಯಾರ ಹಿಡದು ಎಣಿಸಿದೆ. ವಲ್ಲಿ ಕಟ್ಟಿದೆ, ಸುಮ್ಮ ಬಿಗದು ನೋಯಿಸಿದೆ. ಅಣ್ಣ ನನ್ನ ಮಾರಿ ನೋಡಿಕೋತ ಉಸಿರು ಸಣ್ಣ ಮಾಡತಿದ್ದ, ಎರಡು ನಿಮಿಷಕ್ಕ ಸಾಲದ, ಒಮ್ಮೆ ದೊಡ್ಡದು ಎಳಕೊಂಡು ಕೆಮ್ಮಾಕ ಹತ್ತತಿದ್ದ. ಮಷೀನಿನ ಕೆಳಗ ಅದಕ್ಕಿಂತ ಹೆಚ್ಚು ಹೊತ್ತು ಮಲಗಬೇಕು, ಬಾಗಲಾ ಹಾಕಿದ ಮ್ಯಾಲ ಅಲ್ಲಿ ಒಬ್ಬರೂ ಇರೂದಿಲ್ಲ. ಆರನೇ ದಿನ ನಾನು ಒದರಿಬಿಟ್ಟೆ, ಇಷ್ಟೂ ಆಗೂದಿಲ್ಲೇನು ನಿನಗ ಅಂತ. ಅಣ್ಣ ಅಂಗಿ ಗುಂಡಿ ಹಾಕಿಕೋತ ಹೇಳಿದ, “ನೀ ಸಿಟ್ಟಿನ್ಯಾಗ ನೋಡಾಕತ್ತಿದ್ರ ನನಗ ಉಸಿರು ಎಲ್ಲಿಂದ ಬರಬೇಕಲೇ.”

ಆಗರ ನಾನು ಆ ಮನುಷ್ಯನ್ನ ಕರೀಬೇಕಿತ್ತು. ಅಣ್ಣನ ಜೀವದ ಪ್ರಶ್ನಿ ಅದು ಅಂತ ಗೊತ್ತಿತ್ತು. ಆದ್ರೂ ನಾಲಿಗಿ ಏಳಲಿಲ್ಲ. ಅಟೆಂಡರ್ ಕಡಿ ಹೋಗಿ ನಮ್ಮಣ್ಣನ್ನ ಉಳಸಪ್ಪಾ ಅನ್ನೋದಕ್ಕಿಂತ ಇನ್ನೊಂದು ದಿನ ನೋಡೋಣು ಅನ್ನಿಸಿತು. ಇದನ್ನ ಬರಿಯೋವಾಗ ನನಗ ನಾಚಿಕಿ ಆಗತದ, ಆದ್ರ ಹಂಗ ಆಗಿತ್ತು.

ಅಷ್ಟರಾಗ ನನ್ನನ್ನ ದೇವದುರ್ಗದ ಕ್ಷಯರೋಗ ಕ್ಯಾಂಪಿಗಿ ಹಾಕಿದ್ರು. ನಾಲ್ಕು ದಿನ. ಅಣ್ಣನಿಗಿ ಮನ್ಯಾಗ ರೂಢಿ ಮಾಡು, ದವಾಖಾನಿಗಿ ಹೋಗಬ್ಯಾಡ, ನಾನಿಲ್ಲ ಅಂತ ಹೇಳಿ ಹೋದೆ. ನಾಲ್ಕೂ ದಿನ ಅಲ್ಲಿ ಸಾಲಾಗಿ ನಿಂತವರಿಗಿ ಎಳೀರಿ, ಹಿಡೀರಿ ಅಂತಿದ್ದೆ, ತಲ್ಯಾಗ ಅಣ್ಣನ ಹೊಟ್ಟಿ ಏರಿ ಇಳೀತಿತ್ತು.

ತಿರುಗಿ ಬಂದ ದಿನ ಎಕ್ಸ್‌ರೇ ವರಾಂಡಕ್ಕ ಕಾಲಿಟ್ರ ಒಳಗಿನಿಂದ ನಮ್ಮಣ್ಣ ನಗೋದು ಕೇಳಿಸಿತು. ಕೆಮ್ಮು ಹತ್ತಿದ ಮ್ಯಾಲ ಅವ ನಕ್ಕದ್ದು ನಾನು ಕೇಳಿರಲಿಲ್ಲ. ಪರದೆ ಸರಿಸಿದೆ. ಟೇಬಲ್ ಮ್ಯಾಲ ಅಣ್ಣ ಮಲಗಿದ್ದ, ಸ್ಟೂಲಿನ ಮ್ಯಾಲ ಅವ ಕುಂತು ಅಣ್ಣನ ಹೊಟ್ಟಿ ಮ್ಯಾಲ ಅಂಗೈ ಇಟ್ಟಿದ್ದ. ನನ್ನ ಕಂಡು ಇಬ್ಬರೂ ಸುಮ್ಮನಾದ್ರು. ಅಣ್ಣ ನಾನು ಬ್ಯಾಡ ಅಂದ್ರೂ ದಿನಾ ಮಾನ್ವಿಯಿಂದ ಬಸ್ ಹತ್ತಿ ಅವನ ಕಡಿ ಬಂದಿದ್ದ.

ಆವತ್ತ ಡಾಕ್ಟರು ಸ್ಕ್ರೀನಿಂಗ್ ಮಾಡಿದ್ರು. ಕೆಂಪು ಕನ್ನಡಕ ತಗದು ನೋಡತೀನಿ, ಹಸರು ಪರದೆ ಮ್ಯಾಲ ನೆರಳು ಕೂತಲ್ಲೇ ಅಲಗಾಡತದ. ಅರ್ಧ ಬೆರಳೂ ಇಲ್ಲ. ಐದು ನಿಮಿಷ ಆತು, ಏಳು ನಿಮಿಷ ಆತು, ಹಂಗ ಅದ. ಅಣ್ಣನ ಮಾರಿ ಕತ್ತಲಾಗ ಕಾಣಲಿಲ್ಲ, ಕೈ ಮಾತ್ರ ಎದಿ ಮ್ಯಾಲ ಹಗರಕ ಇಟ್ಟುಕೊಂಡಿದ್ದ. ಡಾಕ್ಟರು ನನ್ನ ಬೆನ್ನು ಚಪ್ಪರಿಸಿ, ಅಣ್ಣನ ಸಲುವಾಗಿ ಭಾಳ ಕಷ್ಟಪಟ್ಟೀ ಬಿಡು, ನಿನ್ನಿಂದ ಇಷ್ಟಾಗತದ ಅಂತ ನನಗ ಗೊತ್ತಿರಲಿಲ್ಲ ಅಂದ್ರು. ಅವ ಅಲ್ಲೇ, ರೋಗಿ ತಲಿ ಕಡಿ ನಿಂತಿದ್ದ. ನಾನು, “ಹೌದ್ರಿ ಸರ್” ಅಂದೆ.

ಅವ ಹೋಗಿ ದೀಪ ಹಚ್ಚಿದ.

ಹೈದರಾಬಾದಿನ್ಯಾಗ ಇಪ್ಪತ್ತೈದು ದಿನ ಕರೆಂಟ್ ಕೊಟ್ರು. ದಿನಾ ನಾನು ಕರಕೊಂಡು ಹೋಗತಿದ್ದೆ. ದಪ್ಪ ಬಾಗಲಾ ಹಾಕತಿದ್ರು, ನಾನು ಹೊರಗ ಬೆಂಚಿನ ಮ್ಯಾಲ ಕುಂದರತಿದ್ದೆ. ಅಲ್ಲಿಯ ಟೆಕ್ನಿಶಿಯನ್ ಗಾಜಿನಾಗ ನೋಡಿ ಬೆರಗಾಗಿ, ಹಿಂಗ ಮಲಗೋ ರೋಗೀನ ನಾವು ಕಂಡಿಲ್ಲ, ಯಾರು ಕಲಿಸಿದ್ದು ಅಂತ ಕೇಳಿದ. ನಾನ ಅಂದೆ. ಒಮ್ಮೆ ಹೇಳಿದ ಸುಳ್ಳು ಎರಡನೇ ಸರ್ತಿ ಸಲೀಸು ಬಂತು. ಆ ಬೆಂಚಿನ ಮ್ಯಾಲ ಕುಂತು ಇಪ್ಪತ್ತೈದು ದಿನಾನೂ ನಾನು ದೇವರ ನೆನಸಲಿಲ್ಲ, ಅವನನ್ನ ಶಪಿಸಿಕೋತ ಕುಂತೆ. ಅವ ಅಣ್ಣನ ಕಿವ್ಯಾಗ ಏನು ಹೇಳಿರಬೇಕು, ನನ್ನಿಂದ ಆಗದ್ದು ಅವನ ಮಾತಿಗಿ ಹೆಂಗ ಆತು, ಇದ ಯೋಚನಿ.

ಒಂದು ರಾತ್ರಿ ಛತ್ರದಾಗ ಊಟಾ ಮಾಡೋವಾಗ ಕೇಳೇ ಬಿಟ್ಟೆ. ಏನು ಹೇಳಿಕೊಟ್ಟ ಅವ, ಸೂಜಿ ದಾರಾನೋ, ಮುಳುಗು ಹೊಡಿಯೋದೋ? ಅಣ್ಣ ತಾಟಿನ್ಯಾಗಿನ ಅನ್ನ ಕಲಸಿಕೋತ, “ಅದು ನಮ್ಮಿಬ್ಬರ ಮಾತು, ನಿನಗ್ಯಾಕ ಬೇಕು” ಅಂದ. ನಮ್ಮಿಬ್ಬರ ಅಂತ. ಹುಟ್ಟಿದಾಗಿನಿಂದ ನಮ್ಮಿಬ್ಬರ ಅಂದ್ರ ಅಣ್ಣ ಮತ್ತ ನಾನು. ಈಗ ಆ ಮಾತಿನ್ಯಾಗ ನಾನು ಇರಲಿಲ್ಲ. ತಾಟು ಸರಿಸಿ ಎದ್ದೆ.

ಗಂಟು ಕುಗ್ಗಿತು. ಅಣ್ಣ ತಿರುಗಿ ಡ್ಯೂಟಿ ಮಾಡಿದ, ಸೀಟಿ ಹೊಡದ, ಮಗಳ ಮದಿವಿ ಮಾಡಿದ. ಮೂರು ವರ್ಷ ಮ್ಯಾಲ ಬದುಕಿದ. ರಾಯಚೂರಿಗಿ ಟ್ರಿಪ್ ಇದ್ದಾಗ ಬಸ್ ಸ್ಟ್ಯಾಂಡಿನಿಂದ ದವಾಖಾನಿಗಿ ಬರತಿದ್ದ. ನನ್ನ ಕ್ವಾಣಿಗಿ ಆಮ್ಯಾಲ, ಮೊದಲ ಕತ್ತಲಿ ಕ್ವಾಣಿಗಿ. ಅತ್ತಿಗಿ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿ ಇಬ್ಬರೂ ಒಂದ ಪೇಪರ್ ಮ್ಯಾಲ ಇಟ್ಟುಕೊಂಡು ತಿಂತಿದ್ರು. ಪೇಪರ್ ನಂದು. ನನ್ನನ್ನೂ ಕರೀತಿದ್ರು. ನನಗ ಹಸಿವಿಲ್ಲ ಅಂತಿದ್ದೆ, ಹಸಿದಿರತಿದ್ದೆ.

ಅಣ್ಣ ತೀರಿಕೊಂಡಾಗ ಅವ ಮಾನ್ವಿಗಿ ಬಂದ. ಮಣ್ಣು ಮುಗಿಯೋ ತನಕ ದೂರ ನಿಂತಿದ್ದ, ಮಂದಿ ಎಲ್ಲಾ ಹೋದ ಮ್ಯಾಲ ಬಂದು ನನ್ನ ಬಾಜೂಕ ಕುಂತ. ನನ್ನನ್ನ ಸಮಾಧಾನ ಮಾಡಲಿ ಅಂತ ಒಂದು ಕಡಿ, ಮಾತಾಡಿದ್ರ ಹೊಡದಬಿಡತೀನಿ ಅಂತ ಇನ್ನೊಂದು ಕಡಿ. ಅವ ಎದ್ದು ಕೊನೀ ಬಸ್ಸಿಗಿ ಹೋದ.

ಹೋದ ವಾರ ಸೆಂಡಾಫ್ ಮುಗಿದು ಎಲ್ಲರೂ ಹೋದ ಮ್ಯಾಲ ನಾನು ಕತ್ತಲಿ ಕ್ವಾಣಿಗಿ ಹೋದೆ. ಅವ ಕೊಳ್ಳಾಗಿನ ಹಾರ ತಗದು ಗೂಟಕ್ಕ ಹಾಕಿ, ಫಿಲ್ಮ್ ತೊಳಿಯೋ ತೊಟ್ಟಿ ಕೊನೀ ಸಲ ತಿಕ್ಕಾಕತ್ತಿದ್ದ. ನಾಳಿಯಿಂದ ಇವ ಬರೂದಿಲ್ಲ, ಇವತ್ತ ಕೇಳದಿದ್ರ ಇನ್ನ ಎಂದೂ ಕೇಳಾಕ ಆಗೂದಿಲ್ಲ ಅನ್ನಿಸಿತು. ನಮ್ಮಣ್ಣನಿಗಿ ಏನು ಹೇಳಿಕೊಟ್ಟಿದ್ದೆಪ್ಪಾ ಅಂತ ಕೇಳಿದೆ.

ಅವ ಕೈ ಒರಸಿಕೊಂಡ. ನಿಮ್ಮಣ್ಣನಿಗಿ ನನ್ನ ಒಂದು ಆಟಾನೂ ಹತ್ತಲಿಲ್ರಿ ಸರ್ ಅಂದ. ಸೂಜಿ ಅಂದ, ಹತ್ತಲಿಲ್ಲಂತ. ಬಸ್ಸಿನ ಸೀಟಿ ಅಂದ, ಕೆಮ್ಮು ಬಂತಂತ. ಎರಡು ದಿನ ಹಿಂಗ ಹೋತಂತ. ಮೂರನೇ ದಿನ, ಅಣ್ಣಾ, ಎಂದರ ನಿನ್ನ ಎದಿ ಮ್ಯಾಲ ಕೂಸು ಮಲಗಿತ್ತೇನು ಅಂತ ಕೇಳಿದನಂತ, ಮಕ್ಕಳದು ನೆನಪು ಮಾಡಿಕೊಳ್ಳಲಿ ಅಂತ. ಅದಕ್ಕ ಅಣ್ಣ, ಮಕ್ಕಳು ಹುಟ್ಟಿದಾಗ ನಾನು ಡ್ಯೂಟಿ ಮ್ಯಾಲ ಊರೂರು ತಿರುಗತಿದ್ದೆ, ಅವರು ಅವ್ವನ ಕಡಿ ಮಲಗಿದವರು ಅಂದನಂತ. ನನ್ನ ಎದಿ ಮ್ಯಾಲ ಮಲಗಿದ್ದು ನಮ್ಮ ತಮ್ಮ ಒಬ್ಬನ ಅಂದನಂತ. ಅವ್ವ ಸತ್ತಾಗ ಎಂಟು ತಿಂಗಳ ಕೂಸು. ಅಜ್ಜಿ ಕಡಿ ನಿಲ್ಲತಿರಲಿಲ್ಲ, ತೊಟ್ಟಲಾಗ ನಿಲ್ಲತಿರಲಿಲ್ಲ. ನಾನು ಜೋರಾಗಿ ಉಸಿರಾಡಿದ್ರ ಎಚ್ಚರಾಗಿ ಅವ್ವನ್ನ ಹುಡುಕಿ ಅಳತಿದ್ದ, ಅದಕ್ಕ ಎದಿ ಅಲುಗದಂಗ ಮಲಗೋದು ಕಲತಿದ್ದೆ ಅಂದನಂತ.

“ಹಂಗಾದ್ರ ಅವನ್ನ ಮಲಗಿಸಿಕೋ ಅಣ್ಣಾ, ಏಳಬಾರದು ನೋಡು ಅಂದೆ,” ಅಂದ ಅವ. “ಮುಂದ ನಾನು ಕಲಿಸೋದು ಏನೂ ಉಳೀಲಿಲ್ರಿ.”

ನನಗ್ಯಾಕ ಹೇಳಲಿಲ್ಲ ಇಷ್ಟು ವರ್ಷ ಅಂತ ಕೇಳಿದೆ. ಅಣ್ಣ ಬ್ಯಾಡ ಅಂದಿದ್ದನಂತ. ನಮ್ಮ ತಮ್ಮ ಆರು ದಿನ ಹೆಣಗಿ ಸೋತಾನ, ಈಗ ಅವನನ್ನ ಕೂಸಿನಂಗ ಎತ್ತಿಕೊಂಡು ಮಲಗತೀನಿ ಅಂತ ಗೊತ್ತಾದ್ರ ನನ್ನ ಮಾರಿ ನೋಡಾಕ ನಾಚತಾನ ಅಂದಿದ್ದನಂತ.

ಅವ ಹಾರ ಮಡಚಿ ಚೀಲದಾಗ ಇಟ್ಟುಕೊಂಡ, ಬರತೀನ್ರಿ ಸರ್ ಅಂದ. ನಾನು ತೊಟ್ಟಿ ಹಿಡಕೊಂಡು ನಿಂತೆ. ಇಪ್ಪತ್ತೈದು ದಿನ ಆ ದಪ್ಪ ಬಾಗಲದ ಹೊರಗ ನಾನು ಇವನನ್ನ ಶಪಿಸಾಕತ್ತಿದ್ದೆ. ಒಳಗ ಅಣ್ಣನ ಎದಿ ಮ್ಯಾಲ ನಾನ ಮಲಗಿದ್ದೆ.

ನೀವು ತಿಳಕೋಬಹುದು, ಇಷ್ಟಾದ ಮ್ಯಾಲ ಹೊಟ್ಟಿಕಿಚ್ಚು ಆರಿರಬೇಕು ಅಂತ. ಆರಿಲ್ಲ. ಎಂಟು ತಿಂಗಳ ಕೂಸಿನ ಸುದ್ದಿ ಹೇಳೋವಾಗ ನಮ್ಮಣ್ಣನ ಮಾರಿ ಹೆಂಗಿತ್ತು ಅನ್ನೋದು ನೋಡಿದವ ಈ ಲೋಕದಾಗ ಇವನೊಬ್ಬನ. ನಾನು ನೋಡಲಿಲ್ಲ.